ಕಾಶಿ ತಂಬಿಗೆಯ ನೀರು ಎಲ್ಲಿಂದ ಬಂತು?



ನಮ್ಮಲ್ಲಿ ಅನೇಕರ ಮನೆಯಲ್ಲಿ ದೇವರ ಗೂಡಿನೊಳಗೆ ಒಂದು ಪುಟ್ಟ ತಾಮ್ರದ ತಂಬಿಗೆ ಇರುತ್ತದೆ. ಅದರ ಬಾಯಿಗೆ ಬೆಸುಗೆ ಹಾಕಿರುತ್ತಾರೆ. ಒಳಗೆ ಇರುವುದು ಗಂಗೆ ನೀರು. ಅಜ್ಜಿಯೋ ಅತ್ತೆಯೋ ಕಾಶಿಗೆ ಹೋದಾಗ ತಂದದ್ದು. ಕೊನೆಗಾಲದಲ್ಲಿ ಬಾಯಿಗೆ ಎರಡು ಹನಿ ಬಿಡಬೇಕು ಅಂತ ಅದನ್ನು ಜೋಪಾನ ಮಾಡಿ ಇಟ್ಟಿರುತ್ತೇವೆ.

ಆ ನೀರು ಕಾಶಿಯಲ್ಲಿ ಹುಟ್ಟಿದ್ದಲ್ಲ. ಕಾಶಿಗೆ ಬರುವ ಮೊದಲೇ ಅದು ಬಹಳ ದೂರ ಹರಿದು ಬಂದಿರುತ್ತದೆ. ಹಾಗಾದರೆ ಅದು ಎಲ್ಲಿ ಹುಟ್ಟಿತು? ದಾರಿಯಲ್ಲಿ ಯಾವ ಗುಡಿ, ಯಾವ ಊರು ದಾಟಿ ಬಂತು? ನೀರಿನ ಜಾಡು ಹಿಡಿದು ನಾವು ಮೇಲಕ್ಕೆ ಹೋಗೋಣ ಬನ್ನಿ.

ಹಿಮದ ಮನೆ

ನಮ್ಮ ದೇಶದ ಉತ್ತರ ದಿಕ್ಕಿನಲ್ಲಿ ಹಿಮಾಲಯ ಪರ್ವತ ಇದೆ. ಹಿಮ ಎಂದರೆ ಹೆಪ್ಪುಗಟ್ಟಿದ ಮಂಜು. ಆಲಯ ಎಂದರೆ ಮನೆ. ಹಿಮದ ಮನೆಯೇ ಹಿಮಾಲಯ. ಇದು ಒಂದು ಬೆಟ್ಟ ಅಲ್ಲ. ಸಾಲು ಸಾಲು ಬೆಟ್ಟ. ಉದ್ದ ಸುಮಾರು 2400 ಕಿಲೋಮೀಟರ್.

ಅಲ್ಲಿಯ ಎತ್ತರದ ಶಿಖರಗಳಲ್ಲಿ ಹಿಮ ಬೇಸಿಗೆಯಲ್ಲೂ ಪೂರ್ತಿ ಕರಗುವುದಿಲ್ಲ. ವರ್ಷ ವರ್ಷ ಬಿದ್ದ ಹಿಮ ಒಂದರ ಮೇಲೊಂದು ಕೂತು ಗಟ್ಟಿಯಾಗುತ್ತದೆ. ಮಂಜುಗಡ್ಡೆಯ ದೊಡ್ಡ ರಾಶಿ ಆಗುತ್ತದೆ. ಆ ರಾಶಿ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗೆ ಜಾರುತ್ತಾ ಇರುತ್ತದೆ. ಇದಕ್ಕೆ ಹಿಮನದಿ ಅನ್ನುತ್ತಾರೆ. ಹಿಮನದಿಯ ತುದಿ ಕರಗಿದಾಗ ನೀರು ಹರಿಯುತ್ತದೆ. ಗಂಗೆ ಹೊರಡುವುದು ಹೀಗೆ.

ನಾಲ್ಕು ಧಾಮ, ನಾಲ್ಕು ಹೊಳೆ

ಹಿಮಾಲಯದ ಸಾಲಿನಲ್ಲಿ ಉತ್ತರಾಖಂಡ ಎಂಬ ರಾಜ್ಯ ಇದೆ. ಮೊದಲು ಅದು ಉತ್ತರ ಪ್ರದೇಶಕ್ಕೆ ಸೇರಿತ್ತು. 2000ನೇ ಇಸವಿಯಲ್ಲಿ ಬೇರೆ ರಾಜ್ಯ ಆಯಿತು. ಅಲ್ಲಿ ನಾಲ್ಕು ದೊಡ್ಡ ಯಾತ್ರಾಸ್ಥಳಗಳಿವೆ. ಯಮುನೋತ್ರಿ, ಗಂಗೋತ್ರಿ, ಕೇದಾರನಾಥ, ಬದರಿನಾಥ. ಈ ನಾಲ್ಕನ್ನೂ ಸೇರಿಸಿ ಚಾರ್‌ಧಾಮ ಅನ್ನುತ್ತಾರೆ. ಚಾರ್ ಎಂದರೆ ನಾಲ್ಕು.

ಯಮುನೋತ್ರಿಯಲ್ಲಿ ಯಮುನಾದೇವಿಯ ಗುಡಿ ಇದೆ. ಅಲ್ಲಿ ಕುದಿಯುವ ನೀರಿನ ಬುಗ್ಗೆ ಒಂದಿದೆ. ಸುತ್ತ ಹಿಮ, ನಡುವೆ ಬಿಸಿನೀರು! ಹೋದವರು ಬಟ್ಟೆಯಲ್ಲಿ ಅಕ್ಕಿ, ಆಲೂಗಡ್ಡೆ ಕಟ್ಟಿ ಅದರಲ್ಲಿ ಇಳಿಬಿಡುತ್ತಾರೆ. ಒಲೆ ಇಲ್ಲದೆ ಅದು ಬೇಯುತ್ತದೆ. ಅದೇ ಪ್ರಸಾದ.

ಗಂಗೋತ್ರಿಯಲ್ಲಿ ಗಂಗಮ್ಮನ ಗುಡಿ ಇದೆ. ಅಲ್ಲಿಂದ ಇನ್ನೂ ಮೇಲಕ್ಕೆ ಸುಮಾರು 18 ಕಿಲೋಮೀಟರ್ ನಡೆದರೆ ಗೋಮುಖ ಸಿಗುತ್ತದೆ. ಹಿಮನದಿ ಕರಗಿ ಹೊಳೆ ಆಚೆ ಬರುವ ಜಾಗ ಅದು. ಆ ಹೊಳೆಯ ಹೆಸರು ಭಾಗೀರಥಿ.

ಕೇದಾರನಾಥ ಶಿವನ ಸ್ಥಳ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು. ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಪಾಂಡವರು ಶಿವನನ್ನು ಹುಡುಕಿಕೊಂಡು ಬಂದರಂತೆ. ಬಂಧುಗಳನ್ನು ಕೊಂದ ಪಾಪ ಕಳೆದುಕೊಳ್ಳಬೇಕಾಗಿತ್ತು. ಶಿವ ಎತ್ತಿನ ರೂಪ ತಾಳಿ ಭೂಮಿಯೊಳಗೆ ಇಳಿದನಂತೆ. ಭೀಮ ಹಿಡಿದುಕೊಂಡಾಗ ಹಿಣಿಲು ಮಾತ್ರ ಮೇಲೆ ಉಳಿಯಿತು ಅಂತ ಕತೆ. ಅದಕ್ಕೇ ಕೇದಾರದ ಲಿಂಗ ನಮ್ಮೂರಿನ ಲಿಂಗದ ಹಾಗೆ ದುಂಡಗಿಲ್ಲ. ಎತ್ತಿನ ಹಿಣಿಲಿನ ಹಾಗೆ ಮೂರು ಮೂಲೆಯ ಬಂಡೆ. ಪಕ್ಕದಲ್ಲಿ ಹರಿಯುವ ಹೊಳೆ ಮಂದಾಕಿನಿ.

ಬದರಿನಾಥ ವಿಷ್ಣುವಿನ ಸ್ಥಳ. ಅಲ್ಲಿಯೂ ಬಿಸಿನೀರಿನ ಕುಂಡ ಇದೆ. ಜನ ಅದರಲ್ಲಿ ಮಿಂದು ಗುಡಿಗೆ ಹೋಗುತ್ತಾರೆ. ಪಕ್ಕದ ಹೊಳೆ ಅಲಕನಂದಾ.

ಈಗ ಹೊಳೆಗಳ ಲೆಕ್ಕ ನೋಡೋಣ. ಕೇದಾರದ ಮಂದಾಕಿನಿ, ಬದರಿಯ ಅಲಕನಂದಾ ರುದ್ರಪ್ರಯಾಗದಲ್ಲಿ ಸೇರುತ್ತವೆ. ಹೊಳೆ ಹೊಳೆ ಸೇರುವ ಜಾಗಕ್ಕೆ ನಾವು ಕೂಡಲ ಅನ್ನುತ್ತೇವೆ. ಅವರು ಪ್ರಯಾಗ ಅನ್ನುತ್ತಾರೆ. ಮುಂದೆ ದೇವಪ್ರಯಾಗದಲ್ಲಿ ಗಂಗೋತ್ರಿಯ ಭಾಗೀರಥಿ ಬಂದು ಕೂಡುತ್ತದೆ. ಅಲ್ಲಿಂದ ಮುಂದೆ ಹೆಸರು ಗಂಗೆ. ಗಂಗೆ ಹರಿದ್ವಾರದ ಹತ್ತಿರ ಬಯಲಿಗೆ ಇಳಿಯುತ್ತಾಳೆ. ತ್ರಿವೇಣಿ ಸಂಗಮದಲ್ಲಿ ಯಮುನೆ ಸೇರುತ್ತಾಳೆ. ಆಮೇಲೆ ಬರುವುದು ಕಾಶಿ.

ಅಂದರೆ ಏನಾಯಿತು? ಕಾಶಿಯಲ್ಲಿ ತುಂಬಿಸಿದ ಆ ಪುಟ್ಟ ತಂಬಿಗೆಯಲ್ಲಿ ನಾಲ್ಕೂ ಧಾಮದ ನೀರು ಇದೆ!

ದೇವರೂ ಕೆಳಗೆ ಇಳಿಯುತ್ತಾರೆ

ನಮ್ಮೂರ ಗುಡಿಯ ಬಾಗಿಲು ವರ್ಷವಿಡೀ ತೆರೆದಿರುತ್ತದೆ. ಈ ನಾಲ್ಕು ಗುಡಿ ಹಾಗಲ್ಲ. ವರ್ಷದಲ್ಲಿ ಸುಮಾರು ಆರು ತಿಂಗಳು ಮಾತ್ರ ತೆರೆದಿರುತ್ತವೆ. ಅಕ್ಷಯ ತದಿಗೆಯ ಆಸುಪಾಸಿನಲ್ಲಿ ತೆರೆಯುತ್ತವೆ. ದೀಪಾವಳಿ ಆದ ಮೇಲೆ ಒಂದೊಂದಾಗಿ ಮುಚ್ಚುತ್ತವೆ.

ಯಾಕೆ? ಚಳಿಗಾಲದಲ್ಲಿ ಅಲ್ಲಿ ಅಡಿಗಟ್ಟಲೆ ಹಿಮ ಬೀಳುತ್ತದೆ. ದಾರಿ ಮುಚ್ಚಿ ಹೋಗುತ್ತದೆ. ಜನ ಇರಲು ಆಗುವುದಿಲ್ಲ. ಅದಕ್ಕೇ ದೇವರನ್ನು ಕೆಳಗಿನ ಊರಿಗೆ ಕರೆತರುತ್ತಾರೆ. ಗಂಗಮ್ಮ ಮುಖಬಾ ಎಂಬ ಹಳ್ಳಿಗೆ ಬರುತ್ತಾಳೆ. ಯಮುನಮ್ಮ ಖರಸಾಲಿ ಎಂಬ ಹಳ್ಳಿಗೆ ಬರುತ್ತಾಳೆ. ಕೇದಾರದ ಉತ್ಸವಮೂರ್ತಿ ಊಖೀಮಠಕ್ಕೆ ಬರುತ್ತದೆ. ಚಳಿಗಾಲದ ಪೂಜೆ ಎಲ್ಲ ಅಲ್ಲೇ. ನಮ್ಮ ಹೆಣ್ಣುಮಕ್ಕಳು ತವರಿಗೆ ಬಂದು ಹೋಗುತ್ತಾರಲ್ಲ, ಹಾಗೆ.

ಬೇಸಿಗೆಯಲ್ಲಿ ಪಲ್ಲಕ್ಕಿ ಮತ್ತೆ ಮೇಲಕ್ಕೆ ಹೊರಡುತ್ತದೆ. ಹೇಗೆ ಹೋಗುತ್ತದೆ ನೋಡಿ. ಊಖೀಮಠದಿಂದ ಹೊರಟ ಕೇದಾರನ ಪಲ್ಲಕ್ಕಿ ಒಂದೇ ದಿನದಲ್ಲಿ ಮೇಲೆ ಹೋಗುವುದಿಲ್ಲ. ಹೊತ್ತವರು ಬರಿಗಾಲಲ್ಲಿ ನಡೆಯುತ್ತಾರೆ. ಗುಪ್ತಕಾಶಿ, ಫಾಟಾ, ಗೌರಿಕುಂಡ ಅಂತ ದಾರಿಯ ಊರುಗಳಲ್ಲಿ ರಾತ್ರಿ ತಂಗುತ್ತಾರೆ. ತಂಗಿ ತಂಗಿ ಮೇಲೆ ಸೇರುತ್ತಾರೆ.

ಇದು ಬರೀ ಶಾಸ್ತ್ರ ಅಂದುಕೊಳ್ಳಬೇಡಿ. ಇದರಲ್ಲಿ ಬೆಟ್ಟದ ಜನರ ತಿಳಿವಳಿಕೆ ಇದೆ. ಹೊತ್ತು ನೋಡಿ ಹತ್ತು, ನಿಧಾನ ಹತ್ತು, ಹೊತ್ತಾದಾಗ ಇಳಿ. ಬೆಟ್ಟದ ನಿಯಮ ಇಷ್ಟೇ. ದೇವರ ಪಲ್ಲಕ್ಕಿಯೂ ಈ ನಿಯಮ ಮೀರುವುದಿಲ್ಲ.

ಎಣ್ಣೆ ತೆಗೆಯುವ ಕೈ, ಕಂಬಳಿ ನೇಯುವ ಕೈ

ಬದರಿನಾಥನ ಪೂಜೆಗೆ ಎಳ್ಳೆಣ್ಣೆ ಬೇಕು. ಆ ಎಣ್ಣೆ ಅಂಗಡಿಯಿಂದ ಬರುವುದಿಲ್ಲ. ನರೇಂದ್ರನಗರ ಎಂಬಲ್ಲಿ ಟಿಹರಿ ಅರಸರ ಅರಮನೆ ಇದೆ. ಗುಡಿ ತೆರೆಯುವ ಮೊದಲು ಅಲ್ಲಿ ಮುತ್ತೈದೆಯರು ಸೇರುತ್ತಾರೆ. ಹಳದಿ ಬಟ್ಟೆ ಉಡುತ್ತಾರೆ. ಅರಸು ಮನೆತನದ ಹೆಣ್ಣುಮಕ್ಕಳೂ ಜೊತೆಗೆ ಕೂರುತ್ತಾರೆ. ಎಲ್ಲರೂ ಕೈಯಿಂದಲೇ ಎಳ್ಳೆಣ್ಣೆ ತೆಗೆಯುತ್ತಾರೆ. ಆ ಎಣ್ಣೆಯ ಕೊಡವನ್ನು ಮೆರವಣಿಗೆಯಲ್ಲಿ ಬದರಿಗೆ ಒಯ್ಯುತ್ತಾರೆ.

ಬದರಿಯ ಹತ್ತಿರ ಮಾಣಾ ಎಂಬ ಊರು ಇದೆ. ಅಲ್ಲಿಯ ಹುಡುಗಿಯರು ದೇವರಿಗಾಗಿ ಒಂದು ಉಣ್ಣೆ ಕಂಬಳಿ ನೇಯುತ್ತಾರೆ. ಗುಡಿ ಮುಚ್ಚುವ ದಿನ ಆ ಕಂಬಳಿಗೆ ತುಪ್ಪ ಸವರಿ ದೇವರಿಗೆ ಹೊದಿಸುತ್ತಾರೆ. ಆರು ತಿಂಗಳ ಚಳಿಗೆ ದೇವರಿಗೆ ಅದೇ ಹೊದಿಕೆ.

ದೇವರ ಕೆಲಸದಲ್ಲೂ ಹೆಣ್ಣಿನ ದುಡಿಮೆ ಇದೆ. ಆದರೆ ಅದು ಎಷ್ಟು ಜನರಿಗೆ ಗೊತ್ತು?

ಕೇದಾರಕ್ಕೂ ನಮಗೂ ನಂಟು

ಬೆಟ್ಟದ ಈ ಗುಡಿಗಳಿಗೂ ದಕ್ಷಿಣಕ್ಕೂ ಹಳೆಯ ನಂಟು. ಬದರಿನಾಥನ ಮುಖ್ಯ ಅರ್ಚಕರು ಕೇರಳದ ನಂಬೂದಿರಿಗಳು. ಅವರಿಗೆ ಅಲ್ಲಿ ರಾವಲ್ ಅನ್ನುತ್ತಾರೆ. ಕೇದಾರದ ರಾವಲರು ವೀರಶೈವ ಜಂಗಮ ಪರಂಪರೆಯವರು. ಕರ್ನಾಟಕದಿಂದ ಹೋದ ಅರ್ಚಕರು ಅಲ್ಲಿ ಪೂಜೆ ಮಾಡುತ್ತಾ ಬಂದಿದ್ದಾರೆ. ವೀರಶೈವರ ಐದು ಪೀಠಗಳಲ್ಲಿ ಕೇದಾರವೂ ಒಂದು. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ ಇರುವುದು ಇನ್ನೊಂದು.

ಎಲ್ಲಿಯ ಬಾಳೆಹೊನ್ನೂರು, ಎಲ್ಲಿಯ ಕೇದಾರ! ಬಸ್ಸು, ರೈಲು ಇಲ್ಲದ ಕಾಲದಲ್ಲೂ ಜನ ನಡೆದು ಹೋಗಿದ್ದಾರೆ, ನಡೆದು ಬಂದಿದ್ದಾರೆ.

2013ರ ಜೂನ್ ತಿಂಗಳು

ಈಗ ಒಂದು ದುಃಖದ ಸಂಗತಿ ಹೇಳಬೇಕು.

2013ರ ಜೂನ್ ತಿಂಗಳು. ಯಾತ್ರೆಯ ಕಾಲ. ಕೇದಾರದಲ್ಲಿ ಸಾವಿರಾರು ಜನ ಸೇರಿದ್ದರು. ಆ ವರ್ಷ ಮಳೆ ಬೇಗ ಬಂತು. ಬಿಡದೆ ಸುರಿಯಿತು. ಗುಡಿಯ ಮೇಲ್ಭಾಗದಲ್ಲಿ ಹಿಮನದಿಯ ಪಕ್ಕ ಒಂದು ಕೆರೆ ಇತ್ತು. ಅದರ ಹೆಸರು ಚೋರಾಬಾರಿ. ಮಳೆಯ ನೀರು, ಕರಗಿದ ಹಿಮದ ನೀರು ಸೇರಿ ಕೆರೆ ತುಂಬಿತು. ಅದರ ದಂಡೆ ಬರೀ ಕಲ್ಲು-ಮಣ್ಣಿನದು. ಜೂನ್ 17ರ ಬೆಳಿಗ್ಗೆ ಅದು ಒಡೆಯಿತು. ನೀರು, ಮಣ್ಣು, ಬಂಡೆ ಎಲ್ಲ ಒಟ್ಟಿಗೆ ಊರಿನ ಮೇಲೆ ನುಗ್ಗಿತು.

ಒಂದು ದೊಡ್ಡ ಬಂಡೆ ಉರುಳಿ ಬಂದು ಗುಡಿಯ ಹಿಂದೆ ನಿಂತಿತು. ನೀರು ಅದಕ್ಕೆ ಬಡಿದು ಎರಡು ಪಾಲಾಗಿ ಹರಿಯಿತು. ಗುಡಿ ಉಳಿಯಿತು. ಜನ ಆ ಬಂಡೆಯನ್ನು ಭೀಮಶಿಲೆ ಅಂತ ಕರೆದು ಕೈ ಮುಗಿಯುತ್ತಾರೆ. ಆದರೆ ಸುತ್ತಲಿನ ಮನೆ, ಅಂಗಡಿ, ವಸತಿಗೃಹ ಉಳಿಯಲಿಲ್ಲ. ನಡೆಯುವ ದಾರಿಯಲ್ಲಿ ರಾಮಬಾಡಾ ಎಂಬ ತಂಗುವ ಜಾಗ ಇತ್ತು. ಅದು ಪೂರ್ತಿ ಅಳಿಸಿ ಹೋಯಿತು. ಆ ವರ್ಷ ಉತ್ತರಾಖಂಡದಲ್ಲಿ ಐದು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ದೂರದೂರಿನ ಯಾತ್ರಿಕರಿದ್ದರು. ಡೋಲಿ ಹೊರುವವರು, ಕುದುರೆ ನಡೆಸುವವರು, ಅಂಗಡಿ ಇಟ್ಟ ಬೆಟ್ಟದ ಜನರೂ ಇದ್ದರು.

ಆಗ ಮೇಲೆ ಯಾರು ಯಾರು ಇದ್ದಾರೆ ಎಂಬ ಸರಿಯಾದ ಪಟ್ಟಿ ಇರಲಿಲ್ಲ. ಎಷ್ಟೋ ಮನೆಯವರು ತಮ್ಮವರು ಬದುಕಿದ್ದಾರೋ ಇಲ್ಲವೋ ತಿಳಿಯದೆ ಕಾದರು. ಆಮೇಲೆ ಯಾತ್ರಿಕರ ಹೆಸರು ಬರೆದುಕೊಳ್ಳುವ ನಿಯಮ ಬಂತು.

ಬೆಟ್ಟ ಯಾಕೆ ಕುಸಿಯುತ್ತದೆ?

ಹಿಮಾಲಯ ನೋಡಲು ಗಟ್ಟಿ. ಆದರೆ ಅದು ಎಳೆಯ ಬೆಟ್ಟ. ನಮ್ಮ ಕಡೆಯ ಬಂಡೆಗಳು ಅದಕ್ಕಿಂತ ಎಷ್ಟೋ ಹಳೆಯವು. ನಮ್ಮ ದೇಶದ ನೆಲ ಬಹಳ ನಿಧಾನವಾಗಿ ಉತ್ತರದ ನೆಲವನ್ನು ಒತ್ತುತ್ತಾ ಇದೆ. ಆ ಒತ್ತಡಕ್ಕೆ ಮೇಲೆದ್ದದ್ದೇ ಹಿಮಾಲಯ. ಒತ್ತಡ ಈಗಲೂ ನಿಂತಿಲ್ಲ. ಅದಕ್ಕೇ ಅಲ್ಲಿ ಭೂಕಂಪ ಆಗುತ್ತದೆ. ಬಂಡೆಗಳಲ್ಲಿ ಬಿರುಕು ಜಾಸ್ತಿ. ಮಣ್ಣು ಸಡಿಲ.

ಮಣ್ಣಿನ ಗೋಡೆಯ ಬುಡ ಕೆರೆದರೆ ಏನಾಗುತ್ತದೆ? ಗೋಡೆ ಕೂರುತ್ತದೆ. ಬೆಟ್ಟವೂ ಹಾಗೇ. ರಸ್ತೆ ಅಗಲ ಮಾಡಲು ಬುಡ ಕಡಿಯುತ್ತೇವೆ. ಸುರಂಗ ಕೊರೆಯುತ್ತೇವೆ. ಹೊಳೆಯ ಪಾತ್ರದಲ್ಲೇ ಮಾಳಿಗೆ ಮೇಲೆ ಮಾಳಿಗೆ ಕಟ್ಟುತ್ತೇವೆ. ಮರದ ಬೇರು ಮಣ್ಣನ್ನು ಹಿಡಿದಿರುತ್ತದೆ. ಆ ಮರವನ್ನೂ ಕಡಿಯುತ್ತೇವೆ. ಆಮೇಲೆ ದೊಡ್ಡ ಮಳೆ ಬಂದರೆ ಬೆಟ್ಟ ಜಾರುತ್ತದೆ. 2018ರಲ್ಲಿ ನಮ್ಮ ಕೊಡಗಿನಲ್ಲೂ ಬೆಟ್ಟ ಜಾರಿ ಮನೆ, ತೋಟ ಕೊಚ್ಚಿಹೋದವು. ನಮಗೂ ಇದು ಹೊಸದಲ್ಲ.

ಬದರಿಯ ದಾರಿಯಲ್ಲಿ ಜೋಶಿಮಠ ಎಂಬ ಊರು ಇದೆ. ಹಳೆಯ ಕಾಲದಲ್ಲಿ ಜಾರಿ ಬಿದ್ದ ಕಲ್ಲು-ಮಣ್ಣಿನ ಮೇಲೆ ಬೆಳೆದ ಊರು ಅದು. 2023ರ ಜನವರಿಯಲ್ಲಿ ಅಲ್ಲಿ ನೆಲ ಕುಸಿಯಿತು. ನೂರಾರು ಮನೆ ಬಿರುಕು ಬಿಟ್ಟವು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಚಳಿಯಲ್ಲಿ ಮನೆ ಬಿಡಬೇಕಾಯಿತು.

ಭೂಮಿಯ ಬಿಸಿ ಏರುತ್ತಿರುವುದರಿಂದ ಹಿಮನದಿಗಳೂ ಕರಗುತ್ತಿವೆ. ಗೋಮುಖ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಾ ಇದೆ.

ರೇಣಿ ಊರಿನ ಗೌರಾದೇವಿ

ಬೆಟ್ಟದ ಈ ಕಷ್ಟವನ್ನು ಮೊದಲೇ ಕಂಡವರಲ್ಲಿ ಅಲ್ಲಿಯ ಹೆಂಗಸರೂ ಇದ್ದರು. ಕಾಡಿನಿಂದ ಹುಲ್ಲು ತರುವವರು ಅವರು. ಸೌದೆ, ನೀರು ಹೊರುವವರೂ ಅವರೇ. 1970ರಲ್ಲಿ ಅಲಕನಂದೆಗೆ ದೊಡ್ಡ ನೆರೆ ಬಂತು. ಮೇಲಿನ ಕಾಡು ಬೋಳಾದರೆ ಕೆಳಗಿನ ಊರಿಗೆ ಉಳಿಗಾಲ ಇಲ್ಲ ಅಂತ ಜನ ಮಾತಾಡಿಕೊಂಡರು.

ಜೋಶಿಮಠದಿಂದ ಮುಂದೆ ರೇಣಿ ಎಂಬ ಸಣ್ಣ ಊರು. 1974ರ ಮಾರ್ಚ್ 26. ಅವತ್ತು ಗಂಡಸರು ಊರಲ್ಲಿ ಇರಲಿಲ್ಲ. ಪರಿಹಾರದ ಹಣ ಕೊಡುತ್ತೇವೆ ಅಂತ ಅವರನ್ನು ದೂರದ ಪೇಟೆಗೆ ಕರೆಸಿದ್ದರು. ಅದೇ ಹೊತ್ತಿಗೆ ಮರ ಕಡಿಯುವವರು ಕಾಡಿನ ಕಡೆ ಹೊರಟರು. ಒಬ್ಬ ಹುಡುಗಿ ಅದನ್ನು ನೋಡಿದಳು. ಓಡಿ ಬಂದು ಗೌರಾದೇವಿಗೆ ಹೇಳಿದಳು.

ಗೌರಾದೇವಿ ಗಂಡನನ್ನು ಕಳೆದುಕೊಂಡ ಹೆಂಗಸು. ಊರಿನ ಮಹಿಳಾ ಮಂಗಲ ದಳಕ್ಕೆ ಮುಖ್ಯಸ್ಥೆ. ಅವರು ಇಪ್ಪತ್ತೇಳು ಹೆಂಗಸರು, ಹುಡುಗಿಯರನ್ನು ಕೂಡಿಸಿಕೊಂಡು ಕಾಡಿಗೆ ನಡೆದರು. ಈ ಕಾಡು ನಮಗೆ ತವರುಮನೆ ಇದ್ದ ಹಾಗೆ, ಇದನ್ನು ಕಡಿಯಬೇಡಿ ಅಂತ ಕೇಳಿಕೊಂಡರು. ಬಂದೂಕು ತೋರಿಸಿ ಹೆದರಿಸಿದರೂ ಕದಲಲಿಲ್ಲ. ರಾತ್ರಿಯೆಲ್ಲ ಕಾವಲು ಕೂತರು. ಮರ ಕಡಿಯುವವರು ವಾಪಸ್ ಹೋದರು. ಆಮೇಲೆ ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಆ ಭಾಗದಲ್ಲಿ ಹತ್ತು ವರ್ಷ ಮರ ಕಡಿಯುವುದನ್ನು ನಿಲ್ಲಿಸಿತು.

ಇದೇ ಚಿಪ್ಕೋ ಚಳವಳಿ. ಚಿಪ್ಕೋ ಎಂದರೆ ಅಪ್ಪಿಕೋ. 1983ರಲ್ಲಿ ನಮ್ಮ ಉತ್ತರ ಕನ್ನಡದ ಶಿರಸಿ ಸೀಮೆಯ ಸಾಲ್ಕಣಿಯಲ್ಲಿ ಜನ ಹಾಗೆಯೇ ಮರ ಅಪ್ಪಿಕೊಂಡು ಉಳಿಸಿದರು. ಅದಕ್ಕೆ ಅಪ್ಪಿಕೋ ಚಳವಳಿ ಎಂದೇ ಹೆಸರಾಯಿತು.

ಅದೇ ರೇಣಿ ಊರಿನ ಹೊಳೆಯಲ್ಲಿ 2021ರ ಫೆಬ್ರುವರಿ 7ರಂದು ಮತ್ತೆ ಪ್ರವಾಹ ಬಂತು. ಮೇಲಿನ ಶಿಖರದಿಂದ ಬಂಡೆ, ಮಂಜುಗಡ್ಡೆ ಕಳಚಿ ಬಿದ್ದಿತ್ತು. ಹೊಳೆಗೆ ಅಡ್ಡಲಾಗಿ ಕಟ್ಟಿದ್ದ ವಿದ್ಯುತ್ ಯೋಜನೆಗಳು ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಹೆಚ್ಚಿನವರು ಅಲ್ಲಿ ದುಡಿಯಲು ಹೋದ ಕೂಲಿಗಳು. ಗೌರಾದೇವಿ 1991ರಲ್ಲೇ ತೀರಿಕೊಂಡಿದ್ದರು. ಅವರ ಮಾತು ಮಾತ್ರ ಇನ್ನೂ ಮುಗಿದಿಲ್ಲ.

ಹೋಗುವವರಿಗೆ ಕೆಲವು ಮಾತು

ಹಾಗಾದರೆ ಯಾತ್ರೆ ಹೋಗಬಾರದೇ? ಖಂಡಿತ ಹೋಗಿ. ಜೀವಮಾನವೆಲ್ಲ ದುಡಿದ ಹೆಣ್ಣುಮಗಳಿಗೆ ಒಂದು ಸಲ ಹಿಮದ ಬೆಟ್ಟ ನೋಡುವ ಆಸೆ ತಪ್ಪಲ್ಲ. ಆದರೆ ಬೆಟ್ಟದ ನಿಯಮ ತಿಳಿದು ಹೋಗಿ.

ಒಂದು: ಕಾಲ ನೋಡಿ. ಜುಲೈ, ಆಗಸ್ಟ್ ತಿಂಗಳು ಅಲ್ಲಿ ಮಳೆ ಜೋರು. ಬೆಟ್ಟ ಜಾರುವ ಕಾಲ. ಮೇ ತಿಂಗಳು ಅಥವಾ ಮಳೆ ನಿಂತ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ವಾಸಿ. ಮುಂದೆ ಹೋಗಬೇಡಿ ಅಂತ ಪೊಲೀಸರು ತಡೆದರೆ ಜಗಳ ಆಡಬೇಡಿ. ನಿಲ್ಲಿ.

ಎರಡು: ಹೆಸರು ಬರೆಸಿ. ಯಾತ್ರೆಗೆ ಮೊದಲು ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕು. ಯಾರೋ ಬರೆಸಿದ್ದಾರೆ ಅಂತ ಸುಮ್ಮನಿರಬೇಡಿ. ಹೆಸರು, ವಯಸ್ಸು, ಫೋನ್ ನಂಬರು ಸರಿ ಇದೆಯೇ? ಚೀಟಿಯನ್ನು ನೀವೇ ಓದಿ ನೋಡಿ.

ಮೂರು: ನಿಧಾನ ಹತ್ತಿ. ನಮ್ಮ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಕೇದಾರ ಅದರ ಹೆಚ್ಚುಕಡಿಮೆ ಎರಡು ಪಟ್ಟು ಎತ್ತರ, ಸುಮಾರು 3580 ಮೀಟರ್. ಅಲ್ಲಿ ಗಾಳಿ ತೆಳು. ಇಲ್ಲಿ ಮೂರು ಉಸಿರಿಗೆ ಸಿಗುವ ಪ್ರಾಣವಾಯು ಅಲ್ಲಿ ಸುಮಾರು ಎರಡು ಉಸಿರಿನಷ್ಟು ಮಾತ್ರ. ಗೌರಿಕುಂಡದಿಂದ ಮೇಲೆ ಸುಮಾರು 16 ಕಿಲೋಮೀಟರ್ ಏರುದಾರಿ. ದಾರಿಯಲ್ಲಿ ಒಂದೆರಡು ರಾತ್ರಿ ತಂಗಿ ಹೋದರೆ ಮೈ ಆ ಗಾಳಿಗೆ ಒಗ್ಗುತ್ತದೆ. ಪಲ್ಲಕ್ಕಿ ಹೋಗುವುದೂ ಹಾಗೇ ಅಲ್ಲವೇ?

ನಾಲ್ಕು: ಮೈಯ ಮಾತು ಕೇಳಿ. ತಲೆನೋವು, ವಾಂತಿ, ತಲೆಸುತ್ತು ಬಂದರೆ ಮೇಲೆ ಹತ್ತಬೇಡಿ. ಅಲ್ಲೇ ಕೂತು ಸುಧಾರಿಸಿಕೊಳ್ಳಿ. ಕೂತಲ್ಲೇ ಏದುಸಿರು ಬಂದರೆ, ನಡೆ ತೂರಾಡಿದರೆ, ಮಾತು ತಪ್ಪಿದರೆ ತಡ ಮಾಡಬೇಡಿ. ಆ ಕ್ಷಣವೇ ಕೆಳಗೆ ಇಳಿಸಬೇಕು. ಡಾಕ್ಟರಿಗೆ ತೋರಿಸಬೇಕು. ದರ್ಶನ ಆಗಲಿಲ್ಲ ಅಂತ ಹಟ ಮಾಡಿದರೆ ಜೀವ ಹೋಗುತ್ತದೆ.

ಐದು: ಬಿ.ಪಿ., ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇದ್ದವರು, ಬಸುರಿಯರು ಊರಲ್ಲೇ ಡಾಕ್ಟರನ್ನು ಕೇಳಿ. ಇನ್ನೊಂದು ಮಾತು. ಯಾತ್ರೆಯಲ್ಲಿ ಮುಟ್ಟಾದರೆ ಏನು ಗತಿ ಅಂತ ಎಷ್ಟೋ ಜನ ಅಂಗಡಿಯಲ್ಲಿ ಮಾತ್ರೆ ಕೊಂಡು ನುಂಗುತ್ತಾರೆ. ಕೇಳಲು ನಾಚಿಕೆ, ಹೇಳಲು ನಾಚಿಕೆ. ಆ ಮಾತ್ರೆಯಿಂದ ಕೆಲವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಆರು: ಒಂದು ಚೀಟಿ ಬರೆಯಿರಿ. ನಿಮ್ಮ ಹೆಸರು, ಊರು, ಮನೆಯ ಫೋನ್ ನಂಬರು, ತೆಗೆದುಕೊಳ್ಳುವ ಮಾತ್ರೆಯ ಹೆಸರು. ನಿಮ್ಮ ಕೈಯಾರೆ ಬರೆದು ಸೊಂಟದ ಚೀಲದಲ್ಲಿ ಇಟ್ಟುಕೊಳ್ಳಿ. ಅಲ್ಲಿ ಹಿಂದಿ ಬಾರದಿದ್ದರೂ ಆ ಚೀಟಿ ನಿಮ್ಮ ಪರವಾಗಿ ಮಾತಾಡುತ್ತದೆ. ಕಷ್ಟ ಬಂದರೆ 112ಕ್ಕೆ ಫೋನ್ ಮಾಡಿ.

ಏಳು: ತಿಂದು ಬಿಟ್ಟ ಪ್ಲಾಸ್ಟಿಕ್, ಖಾಲಿ ಬಾಟಲಿ, ಹಳೇ ಬಟ್ಟೆ ಅಲ್ಲಿ ಎಸೆಯಬೇಡಿ. ಎಸೆದದ್ದು ಹೊಳೆಗೆ ಹೋಗುತ್ತದೆ. ಹೊಳೆ ಕಾಶಿಗೆ ಬರುತ್ತದೆ. ಅದೇ ನೀರನ್ನು ತಂಬಿಗೆಯಲ್ಲಿ ತುಂಬಿಸುತ್ತೇವೆ.

ಕೇದಾರಕ್ಕೆ ಹತ್ತಲು ಆಗದವರು ಮನಸ್ಸು ಸಣ್ಣದು ಮಾಡಬೇಡಿ. ಚಳಿಗಾಲದಲ್ಲಿ ಊಖೀಮಠಕ್ಕೆ ಹೋಗಿ. ಅದು ತಗ್ಗಿನ ಊರು. ಗಾಡಿ ಹೋಗುತ್ತದೆ. ಆಗ ಕೇದಾರನೇ ನಿಮಗಾಗಿ ಕೆಳಗೆ ಬಂದಿರುತ್ತಾನೆ.

ಕೂತು ಮಾತಾಡೋಣ

ನಿಮ್ಮ ಕಲಿಕೆಯ ಕೇಂದ್ರದಲ್ಲಿ ಇದನ್ನು ಒಬ್ಬರು ಗಟ್ಟಿಯಾಗಿ ಓದಿ. ಉಳಿದವರು ಕೇಳಿ. ಆಮೇಲೆ ಮಾತಾಡಿ.

ನಿಮ್ಮ ಊರಿನ ಹೊಳೆ ಅಥವಾ ಹಳ್ಳ ಎಲ್ಲಿ ಹುಟ್ಟುತ್ತದೆ? ಎಲ್ಲಿ ಸೇರುತ್ತದೆ?

ನಿಮ್ಮ ಊರಿನ ಗುಡ್ಡದಲ್ಲಿ ಹಿಂದೆ ಇದ್ದ ಮರ ಈಗ ಇದೆಯೇ?

ನಿಮ್ಮ ಊರಿನ ಗುಡಿಯಲ್ಲಿ ಹೆಂಗಸರು ಮಾಡುವ ಕೆಲಸ ಯಾವುದು? ಪಟ್ಟಿ ಬರೆಯಿರಿ.

ನಿಮ್ಮಲ್ಲಿ ಯಾರಾದರೂ ಕಾಶಿಗೋ ಕೇದಾರಕ್ಕೋ ಹೋಗಿ ಬಂದಿದ್ದಾರೆಯೇ? ಅವರ ಬಾಯಿಂದ ಕತೆ ಕೇಳಿ. ಕೇಳಿದ್ದನ್ನು ನಾಲ್ಕು ಸಾಲು ಬರೆಯಿರಿ.